ಇಟಲಿಯ ಗುಳ್ಳೆ ವೈನ್: ಪ್ರೊಸೆಕ್ಕೊ ಕೊಳ್ಳಬೇಕೆ, ಫ್ರಾನ್ಚಾಕೋರ್ತವೆ, ಆಸ್ಟಿಯೆ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯವಧಾನ ಇಲ್ಲದವರು ಇಷ್ಟನ್ನೇ ಓದಿ ಅಂಗಡಿಗೆ ಹೊರಡಬಹುದು. ಸಂಜೆ ನಾಲ್ಕು ಜನ ಸೇರಿ ಹರಟುತ್ತಾ ಕುಡಿಯುವುದಕ್ಕಾದರೆ ಕೊನೆಲ್ಯಾನೊ ವಾಲ್ದೊಬ್ಬಿಯಾದೆನೆ ಗುಡ್ಡಗಳ ಪ್ರೊಸೆಕ್ಕೊ, ಅದರಲ್ಲೂ ಸಿಹಿ ಕಡಿಮೆಯಿರುವ ಬ್ರೂಟ್. ಊಟದ ಆರಂಭದಿಂದ ಕೊನೆಯವರೆಗೆ ಜೊತೆಗಿರಬೇಕು, ಜೇಬೂ ಸ್ವಲ್ಪ ಗಟ್ಟಿಯಾಗಿದೆ ಎಂದರೆ ಟ್ರೆಂಟೊ ಅಥವಾ ಫ್ರಾನ್ಚಾಕೋರ್ತ. ಊಟದ ನಂತರ ಸಿಹಿಯ ಜೊತೆಗೆ ಆಸ್ಟಿ ಕಡೆಯ ಮೊಸ್ಕಾತೊ ದಾಸ್ಟಿ. ಇನ್ನು ಕಾರ್ತಿಟ್ಸೆ ಎಂಬ ಪ್ರೊಸೆಕ್ಕೊ ಗುಡ್ಡದ ಹೆಸರಿಗೆ ಮರುಳಾಗಿ ದುಪ್ಪಟ್ಟು ಹಣ ಕೊಡುವಂತೆ ನಾನು ಯಾರಿಗೂ ಹೇಳುವುದಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಕಪಾಟಿನ ಮುಂದೆ ನಿಂತವರು ಸಾಮಾನ್ಯವಾಗಿ ಹುಡುಕುವುದು ಎಲ್ಲೋ ಕೇಳಿ ಗೊತ್ತಿರುವ ವೈನರಿಯ ಹೆಸರನ್ನು. ಇಟಲಿಯ ಈ ವೈನುಗಳ ಮಟ್ಟಿಗೆ ಅದು ಅಷ್ಟೇನೂ ನೆರವಿಗೆ ಬರುವುದಿಲ್ಲ. ಮಿಯೊನೆತ್ತೊ, ವಿಲ್ಲಾ ಸಾಂದಿಯಂಥ ದೊಡ್ಡ ಮನೆತನಗಳು ಬಯಲಿನ ದ್ರಾಕ್ಷಿಯ ವೈನನ್ನೂ ಗುಡ್ಡದ ದ್ರಾಕ್ಷಿಯ ವೈನನ್ನೂ ಒಂದೇ ಹೆಸರಿನಡಿ ಮಾರುತ್ತವೆ. ಎರಡರ ಬೆಲೆಯೂ ಬೇರೆ, ರುಚಿಯೂ ಬೇರೆ. ಹಾಗಾಗಿ ವೈನರಿಯ ಹೆಸರನ್ನು ಕೊನೆಗೆ ನೋಡಿ. ಅದಕ್ಕೂ ಮೊದಲು ಬಾಟಲಿಯನ್ನು ಮೂರು ಪ್ರಶ್ನೆ ಕೇಳಬೇಕು: ಗುಳ್ಳೆ ಹುಟ್ಟಿದ್ದು ಟ್ಯಾಂಕಿನಲ್ಲೋ ಬಾಟಲಿಯಲ್ಲೋ? ದ್ರಾಕ್ಷಿ ಬೆಳೆದದ್ದು ಬಯಲಿನಲ್ಲೋ ಗುಡ್ಡದಲ್ಲೋ? ಒಳಗೆ ಸಕ್ಕರೆ ಎಷ್ಟು ಉಳಿದಿದೆ? ಮೂರಕ್ಕೂ ಉತ್ತರ ಲೇಬಲಿನ ಮೇಲೆಯೇ ಇರುತ್ತದೆ, ಓದಲು ಬರಬೇಕು ಅಷ್ಟೆ.

ಟ್ಯಾಂಕೋ, ಬಾಟಲಿಯೋ

ಗುಳ್ಳೆ ವೈನ್ ತಯಾರಿಸುವವರು ಬಹುತೇಕ ಎಲ್ಲರೂ ಮೊದಲು ಮಾಡುವುದು ಗುಳ್ಳೆಯಿಲ್ಲದ ಸಾದಾ ವೈನನ್ನೇ. ಆಮೇಲೆ ಅದಕ್ಕೆ ಸಕ್ಕರೆ ಮತ್ತು ಈಸ್ಟ್ ಸೇರಿಸಿ, ಗಾಳಿ ಹೊರಹೋಗದಂತೆ ಬಂದೋಬಸ್ತು ಮಾಡಿ ಎರಡನೆಯ ಬಾರಿ ಹುದುಗಲು ಬಿಡುತ್ತಾರೆ. ಹುದುಗುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡಿಗೆ ಹೋಗಲು ದಾರಿಯಿಲ್ಲ. ವೈನಿನಲ್ಲೇ ಕರಗಿ ಕೂರುತ್ತದೆ, ಬಿರಡೆ ತೆಗೆದಾಗ ಗುಳ್ಳೆಯಾಗಿ ಏಳುತ್ತದೆ. ಈ ಎರಡನೆಯ ಹುದುಗು ಎಲ್ಲಿ ನಡೆಯಿತು ಎಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ.

ಪ್ರೊಸೆಕ್ಕೊದಲ್ಲಿ ಅದು ನಡೆಯುವುದು ಆಟೊಕ್ಲೇವ್ ಎಂದು ಕರೆಯುವ, ಒತ್ತಡ ತಡೆದುಕೊಳ್ಳುವ ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ. ಇದಕ್ಕೆ 1895ರಲ್ಲಿ ಪೇಟೆಂಟ್ ಪಡೆದವರು ಆಸ್ಟಿಯಲ್ಲಿ ಕೆಲಸ ಮಾಡುತ್ತಿದ್ದ ಫೆದೆರಿಕೊ ಮಾರ್ತಿನೊತ್ತಿ. 1907ರಲ್ಲಿ ಫ್ರಾನ್ಸಿನ ಯೂಜೆನ್ ಶರ್ಮಾ ಅದನ್ನು ಸುಧಾರಿಸಿದರು, ಲೋಕದಲ್ಲಿ ಹೆಸರು ನಿಂತದ್ದು ಅವರದೇ. ಇಟಲಿಯವರಿಗೆ ಈ ಬಗ್ಗೆ ಇಂದಿಗೂ ಸಣ್ಣ ಅಸಮಾಧಾನವಿದೆ. ಅವರ ವೈನರಿಗೆ ಹೋದಾಗ ಶರ್ಮಾ ವಿಧಾನ ಎನ್ನದೆ ಮಾರ್ತಿನೊತ್ತಿ ವಿಧಾನ ಎಂದರೆ ಮುಖ ಅರಳುತ್ತದೆ. ಟ್ಯಾಂಕಿನ ಕೆಲಸ ಕೆಲವೇ ವಾರಗಳದು. ಈಸ್ಟಿನ ಜೊತೆ ವೈನಿನ ಸಹವಾಸ ಕಡಿಮೆ. ಹೀಗಾಗಿ ದ್ರಾಕ್ಷಿಯ ಘಮ ಹಾಗೆಯೇ ಉಳಿಯುತ್ತದೆ: ಹಸಿರು ಸೇಬು, ಪೇರು, ಬಿಳಿ ಹೂವು. ಪ್ರೊಸೆಕ್ಕೊ ಮಾಡುವ ಗ್ಲೇರಾ ಎಂಬ ದ್ರಾಕ್ಷಿಗೆ ಇದೇ ಒಪ್ಪುತ್ತದೆ. ಅದು ಸೂಕ್ಷ್ಮ ಪರಿಮಳದ ದ್ರಾಕ್ಷಿ, ವರ್ಷಗಟ್ಟಲೆ ಈಸ್ಟಿನೊಂದಿಗೆ ಕೂಡಿ ಹಾಕಿದರೆ ಅದರ ಸ್ವರೂಪವೇ ಮುಚ್ಚಿಹೋಗುತ್ತದೆ.

ಬಾಟಲಿಯ ದಾರಿ ಬೇರೆ. ಮೆತೊದೊ ಕ್ಲಾಸಿಕೊ ಎಂದು ಲೇಬಲಿನಲ್ಲಿ ಬರೆದಿದ್ದರೆ ಎರಡನೆಯ ಹುದುಗು ನಡೆದದ್ದು ನೀವು ಕೈಯಲ್ಲಿ ಹಿಡಿದಿರುವ ಅದೇ ಬಾಟಲಿಯೊಳಗೆ. ಷಾಂಪೇನ್ ತಯಾರಾಗುವುದೂ ಹೀಗೆಯೇ. ಕೆಲಸ ಮುಗಿದ ಈಸ್ಟ್ ಸತ್ತು ಗಸಿಯಾಗಿ ತಳದಲ್ಲಿ ಕೂರುತ್ತದೆ, ಅದರ ಮೇಲೆ ವೈನ್ ತಿಂಗಳುಗಟ್ಟಲೆ ಮಲಗಿರುತ್ತದೆ. ನಂತರ ಬಾಟಲಿಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ, ವಾಲಿಸುತ್ತಾ, ಕೊನೆಗೆ ತಲೆಕೆಳಗಾಗಿ ನಿಲ್ಲಿಸುತ್ತಾರೆ; ಗಸಿಯೆಲ್ಲ ಜಾರಿ ಕೊರಳಿಗೆ ಬರುತ್ತದೆ. ಆ ಕೊರಳನ್ನು ಮಾತ್ರ ಕೊರೆಯುವ ತಣ್ಣನೆಯ ದ್ರಾವಣದಲ್ಲಿ ಅದ್ದಿದರೆ ಗಸಿ ಮಂಜಿನ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಮುಚ್ಚಳ ತೆಗೆದ ಕ್ಷಣ ಒಳಗಿನ ಒತ್ತಡಕ್ಕೆ ಆ ಬಿಲ್ಲೆ ಗುಂಡಿನ ಹಾಗೆ ಹೊರಗೆ ಹಾರುತ್ತದೆ. ಖಾಲಿಯಾದಷ್ಟು ಜಾಗಕ್ಕೆ ವೈನನ್ನೋ, ಸ್ವಲ್ಪ ಸಕ್ಕರೆ ಬೆರೆಸಿದ ವೈನನ್ನೋ ತುಂಬಿ, ಬಿರಡೆ ಜಡಿದು ತಂತಿ ಬಿಗಿಯುತ್ತಾರೆ. ಬಾಟಲಿ ಬಾಟಲಿಗೂ ಇಷ್ಟೆಲ್ಲ ಆಗಬೇಕು. ಫ್ರಾನ್ಚಾಕೋರ್ತ ದುಬಾರಿ ಏಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹೀಗೆ ಮಲಗಿದ ವೈನಿನಲ್ಲಿ ಹಣ್ಣಿನ ಘಮಕ್ಕಿಂತ ಬೇಕರಿಯ ಘಮ ಮುಂದಾಗುತ್ತದೆ: ಬ್ರೆಡ್ಡಿನ ಹೊರಪದರ, ಬೆಣ್ಣೆ, ಹುರಿದ ಬಾದಾಮಿ. ಗುಳ್ಳೆಗಳೂ ಸಣ್ಣ, ನಾಲಗೆಯ ಮೇಲೆ ನೊರೆ ನಯ. ಇದು ಮೇಲು, ಅದು ಕೀಳು ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ಟ್ಯಾಂಕಿನ ವೈನಿನಲ್ಲಿ ಬೆಣ್ಣೆ, ಬಾದಾಮಿ ಹುಡುಕುವವನಿಗೆ ಅದು ಪೇಲವ. ಬಾಟಲಿಯ ವೈನಿನಲ್ಲಿ ಹೂವಿನ ಹಗುರ ಹುಡುಕುವವನಿಗೆ ಇದು ಭಾರ.

ನಡುವೆ ಒಂದು ಮೂರನೆಯ ಜಾತಿಯೂ ಇದೆ, ಕೋಲ್ ಫೊಂದೊ. ಟ್ಯಾಂಕುಗಳು ಬರುವ ಮುಂಚೆ ವಾಲ್ದೊಬ್ಬಿಯಾದೆನೆಯ ರೈತರು ಮನೆಗೆ ಮಾಡಿಕೊಳ್ಳುತ್ತಿದ್ದ ರೀತಿ. ಬಾಟಲಿಯಲ್ಲೇ ಹುದುಗಿಸುತ್ತಾರೆ, ಗಸಿಯನ್ನು ತೆಗೆಯುವುದಿಲ್ಲ. ವೈನ್ ಮಬ್ಬಾಗಿರುತ್ತದೆ, ಸಕ್ಕರೆ ಇರುವುದಿಲ್ಲ, ರುಚಿಯಲ್ಲಿ ಒಂದಿಷ್ಟು ಒಗರು. ಡಿಒಸಿ ಎಂದರೆ ಇಂಥ ಪ್ರದೇಶದಲ್ಲಿ ಇಂಥ ನಿಯಮದಂತೆ ಮಾಡಿದ ವೈನಿಗೆ ಮಾತ್ರ ಇಟಲಿಯ ಕಾನೂನು ಕೊಡುವ ಹೆಸರು, ಡಿಒಸಿಜಿ ಅದಕ್ಕಿಂತ ಮೇಲಿನ ದರ್ಜೆ. ಗುಡ್ಡದ ಡಿಒಸಿಜಿಯಲ್ಲಿ ಇಂಥದ್ದನ್ನು ಈಗ ಸೂಯಿ ಲಿಯೇವಿತಿ ಎಂದು ಬರೆಯುತ್ತಾರೆ. ಮೊದಲ ಬಾಟಲಿಯಾಗಿ ಇದನ್ನು ಕೊಳ್ಳಬೇಡಿ. ಎರಡು ಮೂರು ಬಗೆ ಕುಡಿದು, ಪ್ರೊಸೆಕ್ಕೊ ಎಂದರೆ ಇಷ್ಟೇ ಎಂದು ಬೇಸರ ಬಂದಾಗ ಕೊಂಡುನೋಡಿ.

ಬಯಲೋ, ಗುಡ್ಡವೋ

ಪ್ರೊಸೆಕ್ಕೊ ಒಂದೇ ಅಲ್ಲ. ವೆನೆಟೊ ಮತ್ತು ಫ್ರಿಯೂಲಿ ವೆನೆತ್ಸಿಯಾ ಜೂಲಿಯಾ ಪ್ರಾಂತಗಳ ಒಂಬತ್ತು ಜಿಲ್ಲೆಗಳಲ್ಲಿ ಎಲ್ಲಿ ಬೆಳೆದರೂ ಪ್ರೊಸೆಕ್ಕೊ ಡಿಒಸಿ ಎನ್ನಬಹುದು. ವರ್ಷಕ್ಕೆ 60 ಕೋಟಿಗೂ ಹೆಚ್ಚು ಬಾಟಲಿ ಹೊರಬೀಳುವ ಮಹಾಸಾಗರ ಇದು. ಅದರ ನಡುವೆ ತ್ರೆವೀಜೊ ಜಿಲ್ಲೆಯಲ್ಲಿ, ಕೊನೆಲ್ಯಾನೊ ಮತ್ತು ವಾಲ್ದೊಬ್ಬಿಯಾದೆನೆ ಎಂಬ ಎರಡು ಪಟ್ಟಣಗಳ ನಡುವಿನ 15 ಪಂಚಾಯಿತಿಗಳ ಗುಡ್ಡಸಾಲು ಡಿಒಸಿಜಿ. ಹತ್ತಿರದಲ್ಲೇ ಆಜೊಲೊ ಎಂಬ ಇನ್ನೊಂದು ಡಿಒಸಿಜಿ ಇದೆ. ಬೆಲೆಯಲ್ಲಿ ಸೌಮ್ಯ, ಹೆಸರು ಅಷ್ಟಾಗಿ ಹಬ್ಬಿಲ್ಲ, ಸಿಕ್ಕರೆ ಬಿಡಬೇಡಿ.

ಈ ವಿಂಗಡಣೆ ಬಂದದ್ದು 2009ರಲ್ಲಿ. ಅಲ್ಲಿಯವರೆಗೆ ಪ್ರೊಸೆಕ್ಕೊ ಎಂದರೆ ದ್ರಾಕ್ಷಿಯ ಹೆಸರು; ದ್ರಾಕ್ಷಿಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ನೆಡಬಹುದಿತ್ತು, ಡಬ್ಬದಲ್ಲಿ ತುಂಬಿಯೂ ಮಾರಬಹುದಿತ್ತು. ಇಟಲಿಯ ಸರ್ಕಾರ ಒಂದು ಉಪಾಯ ಮಾಡಿತು. ಟ್ರಿಯೆಸ್ಟೆ ನಗರದ ಬಳಿ ಪ್ರೊಸೆಕ್ಕೊ ಎಂಬ ಹಳ್ಳಿಯಿದೆ. ಅದನ್ನು ಒಳಗೆ ಸೇರಿಸಿಕೊಂಡು ಗಡಿ ಎಳೆದು, ಪ್ರೊಸೆಕ್ಕೊ ಊರಿನ ಹೆಸರು ಎಂದು ಘೋಷಿಸಿ, ದ್ರಾಕ್ಷಿಗೆ ಗ್ಲೇರಾ ಎಂಬ ಹಳೆಯ ಹೆಸರು ಕೊಟ್ಟಿತು. ಈಗ ವೈನಿನಲ್ಲಿ ಕನಿಷ್ಠ ಶೇ 85ರಷ್ಟು ಗ್ಲೇರಾ ಇರಬೇಕು. ಡಬ್ಬದಲ್ಲೋ ನಲ್ಲಿಯಿಂದಲೋ ಬಂದದ್ದನ್ನು ಪ್ರೊಸೆಕ್ಕೊ ಎನ್ನುವಂತಿಲ್ಲ. ಆಸ್ಟ್ರೇಲಿಯಾದವರು ಇದನ್ನು ಒಪ್ಪದೆ ವರ್ಷಗಟ್ಟಲೆ ಜಗಳ ತೆಗೆದರು. ವಿಕ್ಟೋರಿಯಾದ ಕಿಂಗ್ ವ್ಯಾಲಿಯಲ್ಲಿ ಬೆಳೆದದ್ದನ್ನೂ ಅದೇ ಹೆಸರಿನಲ್ಲಿ ಮಾರುತ್ತಾ ಬಂದಿದ್ದಾರೆ. ಮೆಲ್ಬರ್ನಿನಲ್ಲಿರುವ ಕನ್ನಡಿಗರು ಬಾಟಲಿಯ ಹಿಂಬದಿ ನೋಡದೆ ಕೊಂಡರೆ ಇಟಲಿಯದಲ್ಲದ ಪ್ರೊಸೆಕ್ಕೊ ಮನೆಗೆ ಬರುವ ಸಾಧ್ಯತೆ ಸಾಕಷ್ಟಿದೆ. ವೈನ್ ಕೆಟ್ಟದಲ್ಲ, ಆದರೆ ಈ ಬರಹದ ಹೋಲಿಕೆಗೆ ಅದು ಬರುವುದಿಲ್ಲ.

ಬಯಲಿಗೂ ಗುಡ್ಡಕ್ಕೂ ಇರುವ ಅಂತರ ಕಾಗದದ ಮೇಲಿನದಲ್ಲ. ಡಿಒಸಿ ತೋಟದಲ್ಲಿ ಹೆಕ್ಟೇರಿಗೆ 18 ಟನ್ ದ್ರಾಕ್ಷಿ ತೆಗೆಯಲು ಅನುಮತಿ ಇದೆ. ಗುಡ್ಡದ ಡಿಒಸಿಜಿಯಲ್ಲಿ 13.5 ಟನ್, ರೀವೆ ಎಂಬ ಕಡಿದಾದ ತೋಟಗಳಲ್ಲಿ 13, ಕಾರ್ತಿಟ್ಸೆಯಲ್ಲಿ 12. ಬಳ್ಳಿಯ ಮೇಲೆ ಗೊಂಚಲು ಕಡಿಮೆಯಾದಷ್ಟೂ ಉಳಿದವುಗಳಿಗೆ ಸತ್ವ ಹೆಚ್ಚು ಎಂಬುದು ದ್ರಾಕ್ಷಿ ಬೆಳೆಯುವ ಯಾರಿಗಾದರೂ ಗೊತ್ತಿರುವ ಲೆಕ್ಕ. ವಿಜಯಪುರದ ರೈತರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬಯಲಿನಲ್ಲಿ ಯಂತ್ರ ಓಡುತ್ತದೆ. ಗುಡ್ಡದಲ್ಲಿ ಓಡುವುದಿಲ್ಲ. ಕಲ್ಲು ಕಟ್ಟದೆ ಹುಲ್ಲಿನ ಬೇರಿನಿಂದಲೇ ಮಣ್ಣು ಹಿಡಿದು ನಿಲ್ಲಿಸಿದ ಕಿರಿದಾದ ಹಂತಗಳಲ್ಲಿ ಬಳ್ಳಿಯ ಸಾಲು, ಅದರ ನಡುವೆ ಕತ್ತರಿ ಹಿಡಿದು ಕಾಲೂರುತ್ತಾ ನಡೆಯುವ ಕೊಯ್ಲಿನವರು. ಇಂಥ ಇಳಿಜಾರಿನಲ್ಲಿ ವರ್ಷಕ್ಕೆ ಹೆಕ್ಟೇರಿಗೆ 600 ಗಂಟೆಯವರೆಗೆ ಕೈಕೆಲಸ ಬೀಳುತ್ತದೆ. ಈ ಭೂದೃಶ್ಯವನ್ನೇ ಯುನೆಸ್ಕೊ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಟಲಿಯ ಅಂಗಡಿಯಲ್ಲಿ ಸಾಧಾರಣ ಡಿಒಸಿ ಆರೇಳು ಯೂರೋಗೆ ಸಿಕ್ಕರೆ ಗುಡ್ಡದ ಡಿಒಸಿಜಿ ಹತ್ತು ಹನ್ನೆರಡಕ್ಕೆ ಸಿಗುತ್ತದೆ. ಕೊಟ್ಟ ಹಣಕ್ಕೆ ಇಷ್ಟು ಪ್ರತಿಫಲ ಕೊಡುವ ಇನ್ನೊಂದು ಮೆಟ್ಟಿಲು ಇಟಲಿಯ ಗುಳ್ಳೆ ವೈನಿನಲ್ಲಿ ನನಗೆ ಕಾಣುವುದಿಲ್ಲ. ಬಯಲಿನ ವೈನ್ ಒಂದು ಗುಟುಕಿನಲ್ಲಿ ಮುಗಿದುಹೋಗುತ್ತದೆ; ಗುಡ್ಡದ್ದು ನುಂಗಿದ ಮೇಲೂ ಬಾಯಲ್ಲಿ ಒಂದಿಷ್ಟು ಹೊತ್ತು ಉಳಿಯುತ್ತದೆ, ಉಪ್ಪಿನ ಎಳೆಯೊಂದು ಕೊನೆಗೆ ಬರುತ್ತದೆ. ಹಾಗೆಂದು ಡಿಒಸಿಯನ್ನು ತಳ್ಳಿಹಾಕಬೇಕಿಲ್ಲ. ಅಪೆರೋಲ್ ಎಂಬ ಕಹಿ-ಸಿಹಿ ಮದ್ಯ ಬೆರೆಸಿದ ಅಪೆರೋಲ್ ಸ್ಪ್ರಿಟ್ಸ್ ಮಾಡುವವರು ಮೂರು ಪಾಲು ಪ್ರೊಸೆಕ್ಕೊ, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ ಎಂದು ಬೆರೆಸುವಾಗ ಅದಕ್ಕೆ ಗುಡ್ಡದ ವೈನ್ ಸುರಿಯುವುದು ಶುದ್ಧ ದುಂದುಗಾರಿಕೆ. ಅಲ್ಲಿಗೆ ಬಯಲಿನದೇ ಸರಿ.

ಇನ್ನೊಂದು ಮೆಟ್ಟಿಲು ಹತ್ತಿದರೆ ರೀವೆ. ಲೇಬಲಿನಲ್ಲಿ ರೀವೆ ದಿ ಎಂದು ಬರೆದು ಮುಂದೆ ಒಂದು ಊರಿನ ಹೆಸರು ಇರುತ್ತದೆ: ಕೋಲ್ ಸಾನ್ ಮಾರ್ತಿನೊ, ಕೊಲ್ಬೆರ್ತಾಲ್ದೊ, ಸಾಂತೊ ಸ್ತೆಫಾನೊ, ಹೀಗೆ. ದ್ರಾಕ್ಷಿ ಆ ಒಂದೇ ಊರಿನ ಇಳಿಜಾರಿನದು, ಕೈಯಲ್ಲೇ ಕೊಯ್ದದ್ದು, ಕೊಯ್ಲಿನ ವರ್ಷ ನಮೂದಾಗಿರಲೇಬೇಕು. ಪ್ರೊಸೆಕ್ಕೊ ಎಂದರೆ ಹುಡುಗಾಟದ ಪಾನೀಯ ಎಂದು ಮೂಗು ಮುರಿಯುವ ಗೆಳೆಯರಿದ್ದರೆ ಅವರ ಮುಂದೆ ಇಡಬೇಕಾದದ್ದು ಇದನ್ನು.

ತುದಿಯಲ್ಲಿ ಕಾರ್ತಿಟ್ಸೆ. ವಾಲ್ದೊಬ್ಬಿಯಾದೆನೆಯ ಬಳಿ ಸುಮಾರು 107 ಹೆಕ್ಟೇರಿನ ಒಂದೇ ಗುಡ್ಡ, ನೂರಕ್ಕೂ ಹೆಚ್ಚು ಮಾಲೀಕರು. ಹೆಕ್ಟೇರಿನ ಬೆಲೆ ಹತ್ತು ಲಕ್ಷ ಯೂರೋ ದಾಟುತ್ತದೆ. ನೆಲ ನಿಜಕ್ಕೂ ಒಳ್ಳೆಯದು, ದ್ರಾಕ್ಷಿ ಚೆನ್ನಾಗಿ ಮಾಗುತ್ತದೆ. ನನ್ನ ತಕರಾರು ಎರಡು. ಒಂದು, ಕಾರ್ತಿಟ್ಸೆಯನ್ನು ಸಾಂಪ್ರದಾಯಿಕವಾಗಿ ಸಿಹಿ ಉಳಿಸಿಯೇ ಮಾಡುತ್ತಾರೆ. ಸಿಹಿಯ ಹಿಂದೆ ನೆಲದ ಗುಣ ಅಡಗಿಕೊಳ್ಳುತ್ತದೆ. ಎರಡು, ನೀವು ಕೊಡುವ ಬೆಲೆಯಲ್ಲಿ ದೊಡ್ಡ ಪಾಲು ವೈನಿಗಲ್ಲ, ಜಮೀನಿನ ಬೆಲೆಗೆ ಹೋಗುತ್ತದೆ. ಅದೇ ಹಣಕ್ಕೆ ಒಳ್ಳೆಯ ರೀವೆಯೊಂದು ಬರುತ್ತದೆ, ಮೇಲೆ ಚಿಲ್ಲರೆಯೂ ಉಳಿಯುತ್ತದೆ. ಈಚೆಗೆ ಕೆಲವರು ಕಾರ್ತಿಟ್ಸೆಯನ್ನೂ ಬ್ರೂಟ್ ಆಗಿ ಮಾಡುತ್ತಿದ್ದಾರೆ, ಅಂಥದ್ದು ಸಿಕ್ಕರೆ ನನ್ನ ಮೊದಲ ತಕರಾರು ಬಿದ್ದುಹೋಗುತ್ತದೆ.

ಸಕ್ಕರೆಯ ಲೆಕ್ಕ

ಹೆಚ್ಚು ಜನ ಮುಗ್ಗರಿಸುವುದು ಇಲ್ಲಿ. ಸಿಹಿ ಬೇಡ ಎಂದುಕೊಂಡು ಎಕ್ಸ್‌ಟ್ರಾ ಡ್ರೈ ಎಂದು ಬರೆದ ಬಾಟಲಿ ತರುತ್ತಾರೆ, ಕುಡಿದು ನೋಡಿದರೆ ಸಿಹಿ. ಅಂಗಡಿಯವನ ತಪ್ಪಲ್ಲ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಒಂದು ಲೀಟರಿನಲ್ಲಿ 12 ಗ್ರಾಮಿಗಿಂತ ಕಡಿಮೆ ಸಕ್ಕರೆ ಇದ್ದರೆ ಬ್ರೂಟ್, 12ರಿಂದ 17 ಗ್ರಾಂ ಇದ್ದರೆ ಎಕ್ಸ್‌ಟ್ರಾ ಡ್ರೈ, 17ರಿಂದ 32 ಇದ್ದರೆ ಡ್ರೈ. ಅಂದರೆ ಬ್ರೂಟ್‌ಗಿಂತ ಎಕ್ಸ್‌ಟ್ರಾ ಡ್ರೈ ಸಿಹಿ, ಎಕ್ಸ್‌ಟ್ರಾ ಡ್ರೈಗಿಂತ ಡ್ರೈ ಇನ್ನೂ ಸಿಹಿ. ಬ್ರೂಟ್‌ಗಿಂತ ಕೆಳಗೆ 6 ಗ್ರಾಂವರೆಗಿನ ಎಕ್ಸ್‌ಟ್ರಾ ಬ್ರೂಟ್ ಇದೆ, 3 ಗ್ರಾಂ ಕೂಡ ಇಲ್ಲದ ಬ್ರೂಟ್ ನೇಚರ್ ಇದೆ. ಹೆಸರುಗಳ ತರ್ಕ ಹುಡುಕಲು ಹೋಗಬೇಡಿ, ಗ್ರಾಮನ್ನು ನೆನಪಿಡಿ.

ವೈನ್ ಮಾತ್ರ ಕುಡಿಯುವುದಾದರೆ ನಾನು ಬ್ರೂಟ್‌ಗಿಂತ ಮೇಲೆ ಹೋಗುವುದಿಲ್ಲ. ಆದರೆ ನಮ್ಮ ಊಟದ ಜೊತೆಗೆ ಲೆಕ್ಕ ಬದಲಾಗುತ್ತದೆ. ಖಾರದ ಎದುರು ಒಣ, ಅಂದರೆ ಸಿಹಿಯಿಲ್ಲದ, ವೈನ್ ಇನ್ನಷ್ಟು ಹುಳಿಯಾಗಿ, ಕಟುವಾಗಿ ಕಾಣುತ್ತದೆ. ಸ್ವಲ್ಪ ಸಿಹಿ ಉಳಿದಿದ್ದರೆ ಉರಿ ಇಳಿಯುತ್ತದೆ. ಹಾಗಾಗಿ ರವೆ ಹಚ್ಚಿ ಹುರಿದ ಕಾಣೆ ಮೀನು, ಮೆಣಸಿನಕಾಯಿ ಬಜ್ಜಿ, ಘೀ ರೋಸ್ಟ್ ಇಂಥವುಗಳ ಜೊತೆ ಎಕ್ಸ್‌ಟ್ರಾ ಡ್ರೈ ಪ್ರೊಸೆಕ್ಕೊವೇ ಒಪ್ಪುತ್ತದೆ. ಗೋಳಿಬಜೆ, ಕೋಡುಬಳೆಯಂಥ ಎಣ್ಣೆಯ ತಿಂಡಿಗೆ ಬ್ರೂಟ್ ಸರಿ; ಗುಳ್ಳೆಯೂ ಹುಳಿಯೂ ಸೇರಿ ನಾಲಗೆಗೆ ಅಂಟಿದ ಎಣ್ಣೆಯನ್ನು ತೊಳೆದುಬಿಡುತ್ತವೆ. ಹುಳಿ, ಸಾರಿನ ಊಟಕ್ಕೆ ಯಾವ ವೈನನ್ನೂ ಹೊಂದಿಸಲು ನಾನು ಹೋಗುವುದಿಲ್ಲ.

ಲೇಬಲಿನಲ್ಲಿ ಇನ್ನೆರಡು ಪದ ನೋಡಿಕೊಳ್ಳಿ. ಸ್ಪುಮಾಂತೆ ಎಂದರೆ ಪೂರ್ಣ ಗುಳ್ಳೆ, ಬಾಟಲಿಯೊಳಗೆ ಕನಿಷ್ಠ 3 ಬಾರ್ ಒತ್ತಡ. ಫ್ರಿಜ್ಜಾಂತೆ ಎಂದರೆ 1ರಿಂದ 2.5 ಬಾರ್, ಗುಳ್ಳೆ ಬೇಗ ಇಳಿದುಹೋಗುತ್ತದೆ. ಕೆಲವು ಬಾಟಲಿಗಳ ಬಿರಡೆಗೆ ತಂತಿಯ ಬದಲು ದಾರ ಕಟ್ಟಿರುತ್ತಾರೆ. ಅಗ್ಗವಾಗಿ ಸಿಕ್ಕಿತೆಂದು ಸಂತೋಷಪಡುವ ಮೊದಲು ಇದನ್ನು ಗಮನಿಸಿ. ಬಾಟಲಿಯ ಕೊರಳಿನ ಮೇಲೆ ಇಟಲಿಯ ಸರ್ಕಾರಿ ಮುದ್ರಣಾಲಯ ಅಚ್ಚು ಹಾಕಿದ, ಸಂಖ್ಯೆಯುಳ್ಳ ಕಾಗದದ ಪಟ್ಟಿ ಇರಬೇಕು. ಅದಿಲ್ಲದ ಪ್ರೊಸೆಕ್ಕೊವನ್ನು ಮುಟ್ಟಬೇಡಿ.

ಫ್ರಾನ್ಚಾಕೋರ್ತವೋ, ಟ್ರೆಂಟೊವೋ

ಬಾಟಲಿಯಲ್ಲಿ ಹುದುಗಿಸಿದ ವೈನೇ ಬೇಕು ಎಂದು ನಿರ್ಧರಿಸಿದವರ ಮುಂದೆ ಮುಖ್ಯವಾಗಿ ಎರಡು ಹೆಸರು. ಎರಡರಲ್ಲೂ ದ್ರಾಕ್ಷಿ ಹೆಚ್ಚುಕಡಿಮೆ ಷಾಂಪೇನಿನದೇ: ಶಾರ್ಡೊನೆ, ಪಿನೊ ನೇರೊ, ಜೊತೆಗೆ ಪಿನೊ ಬಿಯಾಂಕೊ.

ಫ್ರಾನ್ಚಾಕೋರ್ತ ಇರುವುದು ಲೊಂಬಾರ್ದಿಯಲ್ಲಿ, ಬ್ರೆಶಾ ಜಿಲ್ಲೆಯ ಇಸೇಯೊ ಸರೋವರದ ದಕ್ಷಿಣಕ್ಕೆ. ಇದಕ್ಕೆ ಶತಮಾನಗಳ ಗುಳ್ಳೆಯ ಇತಿಹಾಸವೇನೂ ಇಲ್ಲ. ಫ್ರಾಂಕೊ ಜಿಲಿಯಾನಿ ಎಂಬ ತರುಣ ವೈನ್ ತಜ್ಞ, ಗ್ವೀದೊ ಬೆರ್ಲೂಕಿ ಎಂಬ ಜಮೀನುದಾರರನ್ನು ಒಪ್ಪಿಸಿ 1961ರಲ್ಲಿ ಮೂರು ಸಾವಿರ ಬಾಟಲಿ ಮಾಡಿದಲ್ಲಿಂದ ಕಥೆ ಶುರು. 1995ಕ್ಕೆ ಡಿಒಸಿಜಿ ಬಂತು. ನಿಯಮ ಬಿಗಿ: ಸಾಧಾರಣ ಬಾಟಲಿಗೂ ಗಸಿಯ ಮೇಲೆ ಕನಿಷ್ಠ 18 ತಿಂಗಳು, ವರ್ಷ ನಮೂದಿಸಿದ ಮಿಲ್ಲೆಜಿಮಾತೊಗೆ 30, ಎಲ್ಲಕ್ಕಿಂತ ಹೆಚ್ಚು ಕಾಲ ಮಲಗಿಸುವ ರಿಸೆರ್ವಾಗೆ 60. ಸರೋವರದ ಬದಿಯ ಹವೆ ಹಿತವಾದದ್ದರಿಂದ ಹಣ್ಣು ಚೆನ್ನಾಗಿ ಮಾಗುತ್ತದೆ, ವೈನಿಗೆ ಮೈಕೈ ತುಂಬಿರುತ್ತದೆ. ಇಲ್ಲಿ ಮಾತ್ರ ಸಿಗುವ ಬಗೆ ಸಾತೆನ್. ಬಿಳಿ ದ್ರಾಕ್ಷಿಯಿಂದ ಮಾತ್ರ ಮಾಡುತ್ತಾರೆ, ಗುಳ್ಳೆಯ ಒತ್ತಡವನ್ನು 5 ಬಾರ್ ಮೀರದಂತೆ ಇಡುತ್ತಾರೆ, 24 ತಿಂಗಳು ಮಲಗಿಸುತ್ತಾರೆ. ಗುಳ್ಳೆ ಚುಚ್ಚುತ್ತದೆ ಎಂದು ದೂರುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಟ್ರೆಂಟೊ ಡಿಒಸಿ ಆಲ್ಪ್ಸ್‌ನ ಮಡಿಲಿನದು. ತೋಟಗಳು ಸುಮಾರು 200 ಮೀಟರಿನಿಂದ 900 ಮೀಟರ್ ಎತ್ತರದವರೆಗೆ ಹತ್ತುತ್ತವೆ. ಹಗಲು ಬಿಸಿಲು, ರಾತ್ರಿ ಚಳಿ. ದ್ರಾಕ್ಷಿಯಲ್ಲಿ ಹುಳಿ ಉಳಿಯುತ್ತದೆ, ವೈನ್ ನೆಟ್ಟಗೆ, ಚುರುಕಾಗಿ ಇರುತ್ತದೆ. ಗಸಿಯ ಮೇಲಿನ ಕಾಲ ಕನಿಷ್ಠ 15 ತಿಂಗಳು, ಮಿಲ್ಲೆಜಿಮಾತೊಗೆ 24, ರಿಸೆರ್ವಾಗೆ 36. ಇಲ್ಲಿನ ದೊಡ್ಡ ಹೆಸರು ಫೆರಾರಿ. 1902ರಲ್ಲಿ ಜೂಲಿಯೊ ಫೆರಾರಿ ಷಾಂಪೇನಿನ ವಿದ್ಯೆ ಕಲಿತು ಬಂದು ಸ್ಥಾಪಿಸಿದ ವೈನರಿ. ಮಕ್ಕಳಿಲ್ಲದ ಅವರು 1952ರಲ್ಲಿ ಅದನ್ನು ಬ್ರೂನೊ ಲುನೆಲ್ಲಿಗೆ ವಹಿಸಿದರು, ಇಂದಿಗೂ ಆ ಮನೆತನದ ಕೈಯಲ್ಲಿದೆ. ಕೆಂಪು ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಆದರೂ 2021ರಿಂದ ಕೆಲವು ವರ್ಷ ಫಾರ್ಮುಲಾ ಒನ್ ವೇದಿಕೆಯ ಮೇಲೆ ಗೆದ್ದ ಚಾಲಕರು ಒಬ್ಬರ ಮೇಲೊಬ್ಬರು ಚಿಮ್ಮಿಸಿಕೊಂಡದ್ದು ಇದೇ ವೈನನ್ನು. ಹಾಗೆ ಚಿಮ್ಮಿಸುವುದಕ್ಕೆ ಬಯಲಿನ ಪ್ರೊಸೆಕ್ಕೊ ಸಾಕಾಗಿತ್ತು ಎಂದು ನನಗೆ ಪ್ರತಿಸಲ ಅನಿಸುತ್ತಿತ್ತು.

ಇವೆರಡರಲ್ಲಿ ಒಂದನ್ನು ಆರಿಸು ಎಂದರೆ, ಕೋಳಿ ಅಥವಾ ಹಂದಿಮಾಂಸ, ಬೆಣ್ಣೆ, ಅಣಬೆ ಇರುವ ಊಟಕ್ಕೆ ಫ್ರಾನ್ಚಾಕೋರ್ತ. ಮೀನು, ಸಿಗಡಿ, ಏಡಿಗೆ ಟ್ರೆಂಟೊ. ಬೆಲೆಯಲ್ಲಿ ಟ್ರೆಂಟೊ ಸಾಮಾನ್ಯವಾಗಿ ತುಸು ಕಡಿಮೆ, ಅಷ್ಟೇ ದುಡ್ಡಿಗೆ ಅಲ್ಲಿ ಹೆಚ್ಚು ವೈನ್ ಸಿಗುತ್ತದೆ ಎಂಬುದು ನನ್ನ ಎಣಿಕೆ. ಫ್ರಾನ್ಚಾಕೋರ್ತದವರು ಹೆಸರಿಗೂ ಒಂದಿಷ್ಟು ಬೆಲೆ ಕಟ್ಟುತ್ತಾರೆ. ಪಿಯೆಮೊಂತೆಯ ಆಲ್ತಾ ಲಾಂಗಾ ಎಂಬ ಮೂರನೆಯದೂ ಇದೆ. ಕನಿಷ್ಠ 30 ತಿಂಗಳು ಮಲಗುತ್ತದೆ, ಪ್ರತಿ ಬಾಟಲಿಯ ಮೇಲೂ ಕೊಯ್ಲಿನ ವರ್ಷ ಇರುತ್ತದೆ. ಇಟಲಿಯ ಹೊರಗೆ ಸಿಗುವುದು ಅಪರೂಪ.

ಆಸ್ಟಿ

ಇದನ್ನು ಚುಟುಕಾಗಿ ಮುಗಿಸಬಹುದು. ಮೊಸ್ಕಾತೊ ಬಿಯಾಂಕೊ ದ್ರಾಕ್ಷಿ, ಒಂದೇ ಹುದುಗು, ಅದನ್ನೂ ಅರ್ಧಕ್ಕೆ ತಣ್ಣಗಾಗಿಸಿ ನಿಲ್ಲಿಸುತ್ತಾರೆ. ದ್ರಾಕ್ಷಿಯ ಸಿಹಿಯೇ ಒಳಗೆ ಉಳಿಯುತ್ತದೆ. ಆಸ್ಟಿ ಸ್ಪುಮಾಂತೆಯಲ್ಲಿ ಗುಳ್ಳೆ ಹೆಚ್ಚು. ಮೊಸ್ಕಾತೊ ದಾಸ್ಟಿಯಲ್ಲಿ ಗುಳ್ಳೆ ಕಡಿಮೆ, ಆಲ್ಕೋಹಾಲ್ ಶೇ 5ರ ಆಸುಪಾಸು, ಘಮ ಹೆಚ್ಚು ಶುದ್ಧ. ಎರಡರಲ್ಲಿ ಎರಡನೆಯದೇ ಮೇಲು. ಇಟಲಿಯವರು ಕ್ರಿಸ್‌ಮಸ್ಸಿಗೆ ಪನೆತ್ತೋನೆ ಕೇಕಿನ ಜೊತೆ ಕುಡಿಯುತ್ತಾರೆ. ನಮ್ಮಲ್ಲಿ ಬಾದಾಮಿ ಹಲ್ವ, ಏಲಕ್ಕಿ ಹಾಕಿದ ಹೋಳಿಗೆಗೆ ಹೊಂದುತ್ತದೆ. ಬ್ರೂಟ್ ಪ್ರೊಸೆಕ್ಕೊವನ್ನು ಸಿಹಿತಿಂಡಿಯ ಜೊತೆ ಕೊಟ್ಟರೆ ಮಾತ್ರ ಎರಡೂ ಕೆಡುತ್ತವೆ.

ವೈನರಿಗೆ ಹೋಗುವುದಾದರೆ

ಇಟಲಿ ಪ್ರವಾಸದಲ್ಲಿ ಒಂದೇ ದಿನ ಕೈಯಲ್ಲಿದೆ ಎಂದರೆ ಎಲ್ಲಿಗೆ ಹೋಗಬೇಕು? ವೆನಿಸ್‌ನಲ್ಲಿ ಉಳಿದುಕೊಂಡವರಿಗೆ ಪ್ರೊಸೆಕ್ಕೊ ಗುಡ್ಡಗಳು. ಕೊನೆಲ್ಯಾನೊಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಕಾರ್ಪೆನೆ ಮಾಲ್ವೊಲ್ತಿ ಅಲ್ಲಿದೆ. 1868ರಲ್ಲಿ ಆರಂಭಿಸಿದ ಅಂತೋನಿಯೊ ಕಾರ್ಪೆನೆ ಈ ಗುಡ್ಡಗಳಿಗೆ ಗುಳ್ಳೆ ತಂದವರು, 1876ರಲ್ಲಿ ಅದೇ ಊರಿನಲ್ಲಿ ಇಟಲಿಯ ಮೊದಲ ವೈನ್ ಶಾಲೆ ಶುರುವಾಗುವುದರಲ್ಲೂ ಅವರ ಕೈಯಿತ್ತು. ಇತಿಹಾಸ ಬೇಕಿದ್ದರೆ ಇಲ್ಲಿ ನಿಲ್ಲಬಹುದು. ನನ್ನನ್ನು ಕೇಳಿದರೆ ಕಾರು ಬಾಡಿಗೆಗೆ ಹಿಡಿದು ಪಶ್ಚಿಮಕ್ಕೆ, ವಾಲ್ದೊಬ್ಬಿಯಾದೆನೆಯ ಕಡೆಗೆ ಹೋಗಿ. ಅಲ್ಲಿಗೆ ರೈಲಿಲ್ಲ, ಗುಡ್ಡ ಕಡಿದಾಗುವುದೂ ಆ ಕಡೆಗೇ. 1919ರಿಂದ ನಡೆಯುತ್ತಿರುವ ನೀನೊ ಫ್ರಾಂಕೊ ಊರಿನೊಳಗೇ ಇದೆ. ಕೊಲ್ಬೆರ್ತಾಲ್ದೊದಲ್ಲಿ ಅದಾಮಿ ಮನೆತನ, ಒಂದೇ ತೋಟದ ದ್ರಾಕ್ಷಿಯಿಂದ ಪ್ರತ್ಯೇಕ ವೈನ್ ಮಾಡುವುದನ್ನು ಇಲ್ಲಿ ಮೊದಲು ಹಿಡಿದವರಲ್ಲಿ ಒಬ್ಬರು. ಸಾಂತೊ ಸ್ತೆಫಾನೊದ ಎತ್ತರದಲ್ಲಿ ಕೋಲ್ ವೆತೊರಾಜ್. ಇವರು ಲೇಬಲಿನಿಂದ ಪ್ರೊಸೆಕ್ಕೊ ಎಂಬ ಪದವನ್ನೇ ಕಿತ್ತುಹಾಕಿ ಬರೀ ವಾಲ್ದೊಬ್ಬಿಯಾದೆನೆ ಎಂದು ಬರೆಯುತ್ತಾರೆ. ಬಯಲಿನ ವೈನಿನೊಂದಿಗೆ ತಮ್ಮನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅವರಿಗೆ ಇಷ್ಟವಿಲ್ಲ.

ಮಿಲಾನಿನಲ್ಲಿ ಇರುವವರಿಗೆ ಫ್ರಾನ್ಚಾಕೋರ್ತ ಹತ್ತಿರ. ಬೊರ್ಗೊನಾತೊದಲ್ಲಿ ಬೆರ್ಲೂಕಿಯ ಹಳೆಯ ನೆಲಮಾಳಿಗೆ, ಎರ್ಬೂಸ್ಕೊದಲ್ಲಿ ಕಾ ದೆಲ್ ಬೋಸ್ಕೊ ಮತ್ತು ಬೆಲ್ಲಾವಿಸ್ತಾ. ಇವು ಅಚ್ಚುಕಟ್ಟಾದ, ಹಣ ಹೂಡಿ ಕಟ್ಟಿದ ಜಾಗಗಳು. ಬಾಟಲಿ ತಿರುಗಿಸುವುದರಿಂದ ಬಿರಡೆ ಜಡಿಯುವವರೆಗೆ ಎಲ್ಲವನ್ನೂ ತೋರಿಸುತ್ತಾರೆ. ಕೆಲಸ ನೋಡುವ ಆಸೆಯಿದ್ದವರಿಗೆ ಫ್ರಾನ್ಚಾಕೋರ್ತ, ನೆಲ ನೋಡುವ ಆಸೆಯಿದ್ದವರಿಗೆ ವಾಲ್ದೊಬ್ಬಿಯಾದೆನೆ. ಟ್ಯಾಂಕಿನ ಮುಂದೆ ನಿಂತು ನೋಡುವುದಕ್ಕೆ ಏನೂ ಇರುವುದಿಲ್ಲ. ಸೆಪ್ಟೆಂಬರಿನ ಕೊಯ್ಲಿನ ವಾರಗಳಲ್ಲಿ ಸಣ್ಣ ವೈನರಿಗಳಿಗೆ ನಿಮ್ಮೊಂದಿಗೆ ಮಾತನಾಡಲು ಪುರಸೊತ್ತಿರುವುದಿಲ್ಲ. ಮೇ, ಜೂನ್ ಉತ್ತಮ, ಮುಂಚಿತವಾಗಿ ತಿಳಿಸಿ ಹೋಗಿ.

ಬೆಂಗಳೂರಿನಲ್ಲಿ ಕೊಳ್ಳುವವರಿಗೆ

ಆಮದಾದ ವೈನಿನ ಮೇಲೆ ನಮ್ಮಲ್ಲಿ ಬಹುಕಾಲ ಶೇ 150ರ ಮೂಲ ಸುಂಕವಿತ್ತು, ಅದರ ಮೇಲೆ ರಾಜ್ಯದ ಅಬಕಾರಿ. ಬಯಲಿನ ವೈನಿಗೂ ಗುಡ್ಡದ ವೈನಿಗೂ ಇಟಲಿಯಲ್ಲಿ ನಾಲ್ಕು ಯೂರೋ ಇದ್ದ ಅಂತರ ಇಲ್ಲಿಗೆ ಬರುವಷ್ಟರಲ್ಲಿ ಹಿಗ್ಗಿರುತ್ತದೆ. ಅದಕ್ಕೇ ಇಲ್ಲಿನ ಕಪಾಟುಗಳಲ್ಲಿ ಹೆಚ್ಚಾಗಿ ಕಾಣುವುದು ಬಯಲಿನ ಡಿಒಸಿ. ಫ್ರಾನ್ಚಾಕೋರ್ತಕ್ಕೆ ತೆರುವಷ್ಟು ಹಣವನ್ನು ಅದಕ್ಕೆ ತೆತ್ತು ನಿರಾಶರಾಗುವ ಬದಲು, ಬಾಟಲಿಯಲ್ಲೇ ಹುದುಗಿಸಿದ ನಾಸಿಕ್‌ನ ಷಾಂಡನ್ ಅಥವಾ ಸುಲಾ ಬ್ರೂಟ್ ಕೊಂಡುನೋಡಿ. ನಂದಿಬೆಟ್ಟದ ತಪ್ಪಲಿನಲ್ಲಿ ತೋಟವಿರುವ ಗ್ರೋವರ್ ಜಂಪಾ ಸಂಸ್ಥೆಯವರೂ ಸ್ವಾರೆ ಎಂಬ ಗುಳ್ಳೆ ವೈನ್ ಮಾಡುತ್ತಾರೆ, ಅದರ ದ್ರಾಕ್ಷಿ ನಾಸಿಕ್ ಕಡೆಯದು. ಇವು ಇಟಲಿಯ ವೈನಿಗೆ ಸಮ ಎಂದು ನಾನು ಹೇಳುತ್ತಿಲ್ಲ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನ್ನುತ್ತಿದ್ದೇನೆ. ವಿದೇಶದಿಂದ ಬರುವ ನೆಂಟರು ಏನು ತರಲಿ ಎಂದು ಕೇಳಿದರೆ ಆಗ ರೀವೆಯೊಂದರ ಹೆಸರು ಹೇಳಿ.

ಇಲ್ಲಿನ ಅಂಗಡಿಯಲ್ಲಿ ಇನ್ನೊಂದು ಎಚ್ಚರ ಬೇಕು. ಪ್ರೊಸೆಕ್ಕೊ ಇಟ್ಟಷ್ಟೂ ಮಾಗುವ ವೈನಲ್ಲ. ಕೊಯ್ಲಾದ ಒಂದೆರಡು ವರ್ಷಗಳೊಳಗೆ ಕುಡಿದು ಮುಗಿಸಬೇಕು. ಬಿಸಿಲು ಬೀಳುವ ಕಿಟಕಿಯಲ್ಲಿ, ದೀಪದ ಕೆಳಗೆ ತಿಂಗಳುಗಟ್ಟಲೆ ನಿಂತ ಬಾಟಲಿ ಎಷ್ಟು ರಿಯಾಯಿತಿಯಲ್ಲಿದ್ದರೂ ಬೇಡ. ಬಣ್ಣ ತೆಳು ಹುಲ್ಲಿನದಾಗಿರದೆ ಹೊಂಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಮುಗಿದಿದೆ. ಮೆತೊದೊ ಕ್ಲಾಸಿಕೊ ವೈನುಗಳು ಹೆಚ್ಚು ಕಾಲ ತಾಳುತ್ತವೆ, ಬಿಸಿಲನ್ನು ಮಾತ್ರ ಅವೂ ತಾಳುವುದಿಲ್ಲ.

ಪ್ರೊಸೆಕ್ಕೊವನ್ನು 6ರಿಂದ 8 ಡಿಗ್ರಿಗೆ ತಣಿಸಿ, ಫ್ರಾನ್ಚಾಕೋರ್ತ, ಟ್ರೆಂಟೊಗಳನ್ನು 8ರಿಂದ 10ಕ್ಕೆ. ಸೂಜಿಯಂತೆ ಉದ್ದನೆಯ ಫ್ಲೂಟ್ ಗ್ಲಾಸಿನಲ್ಲಿ ಗುಳ್ಳೆ ಚೆಂದ ಕಾಣುತ್ತದೆ, ಘಮ ಮಾತ್ರ ಸಿಗುವುದಿಲ್ಲ. ಸಾದಾ ಬಿಳಿ ವೈನಿನ ಗ್ಲಾಸೇ ವಾಸಿ. ತಂತಿ ಸಡಿಲಿಸಿದ ಮೇಲೆ ಬಿರಡೆಯ ಮೇಲಿನ ಹೆಬ್ಬೆರಳನ್ನು ತೆಗೆಯಬೇಡಿ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು, ಬಾಟಲಿಯನ್ನು ವಾಲಿಸಿ, ಬಾಟಲಿಯನ್ನೇ ನಿಧಾನಕ್ಕೆ ತಿರುಗಿಸಿ. ಮುಗಿಯದೆ ಉಳಿದರೆ ಗುಳ್ಳೆ ವೈನಿಗೆಂದೇ ಸಿಗುವ ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನದವರೆಗೆ ಚೆನ್ನಾಗಿರುತ್ತದೆ. ಸಾದಾ ವೈನಿಗೆ ಬಳಸುವ, ಗಾಳಿ ಹೀರುವ ಪಂಪನ್ನು ಇದಕ್ಕೆ ಹಾಕಬೇಡಿ, ಗಾಳಿಯ ಜೊತೆಗೆ ಗುಳ್ಳೆಯನ್ನೂ ಅದು ಎಳೆದು ಹೊರಹಾಕುತ್ತದೆ.